ಬೆಟ್ಟ ಕುಡಿಯಲಿ, ತೋಟ ಬಸಿಯಲಿ: ಬೇಸಿಗೆಗೆ ನೀರು ಉಳಿಸುವ ಕ್ರಮ

ಮಾರ್ಚ್ ಬಂತೆಂದರೆ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ಬೆಳೆಗಾರರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಇಷ್ಟೊಂದು ಮಳೆ ಸುರಿಯುವ ಊರಿನಲ್ಲಿ ಬಾವಿಯ ತಳ ಕಾಣುವುದೇಕೆ? ಬೋರ್ ಕೊರೆಸಲೇ, ದೊಡ್ಡ ಹೊಂಡ ತೋಡಿಸಿ ಪ್ಲಾಸ್ಟಿಕ್ ಹಾಳೆ ಹಾಸಲೇ? ಕುಮಟಾ, ಅಂಕೋಲಾ, ಕಾರವಾರದ ಕಡೆಯವರ ಪ್ರಶ್ನೆ ಸ್ವಲ್ಪ ಬೇರೆ: ಏಪ್ರಿಲ್‌ನಲ್ಲಿ ಬಾವಿಯ ನೀರು ಉಪ್ಪಾಗುತ್ತದೆ, ಏನು ಮಾಡಲಿ? ಎರಡಕ್ಕೂ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬೋರ್ ಮತ್ತು ಪ್ಲಾಸ್ಟಿಕ್ ಹೊಂಡ ಎರಡೂ ಕೊನೆಯ ದಾರಿಗಳು. ಮೊದಲು ಮಾಡಬೇಕಾದ ಕೆಲಸ ತೋಟದ ನೆತ್ತಿಯ ಮೇಲಿರುವ ಬೆಟ್ಟದಲ್ಲಿದೆ.

ಲೆಕ್ಕ ನೋಡಿ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿ.ಮೀ. ಮಳೆಯಾಗುತ್ತದೆ; ಕರಾವಳಿಯ ತಾಲ್ಲೂಕುಗಳಲ್ಲಿ 3,000 ದಾಟುತ್ತದೆ. ಅಂದರೆ ಶಿರಸಿಯ ಒಂದು ಎಕರೆಯ ಮೇಲೆ ವರ್ಷಕ್ಕೆ ಸುಮಾರು 1 ಕೋಟಿ ಲೀಟರ್ ನೀರು ಬೀಳುತ್ತದೆ. ಒಂದು ಎಕರೆ ಅಡಿಕೆ ತೋಟದಲ್ಲಿ 550 ಮರಗಳಿವೆ ಎಂದಿಟ್ಟುಕೊಂಡು, ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್‌ನಂತೆ 150 ದಿನ ಕೊಟ್ಟರೂ ಬೇಕಾಗುವುದು ಹದಿನಾರೂವರೆ ಲಕ್ಷ ಲೀಟರ್. ಬಿದ್ದ ನೀರಿನ ಆರನೆಯ ಒಂದು ಪಾಲು ಅಷ್ಟೇ. ಅದರ ಮೇಲೆ ಬೆಟ್ಟದ ನೀರು ಬೇರೆ ಇದೆ. ಕೊರತೆ ಮಳೆಯದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಆ ನೀರು ಮೂರ್ನಾಲ್ಕು ದಿನಗಳಲ್ಲಿ ಹಳ್ಳ ಸೇರಿ, ಅಘನಾಶಿನಿಯನ್ನೋ ಗಂಗಾವಳಿಯನ್ನೋ ಹಿಡಿದು ಸಮುದ್ರ ಮುಟ್ಟಿಬಿಡುತ್ತದೆ. ನಾವು ಮಾಡಬೇಕಾದದ್ದು ಆ ಓಟವನ್ನು ತಡೆದು ನಿಧಾನಗೊಳಿಸುವುದು.

ಮಳೆಯೇ ಕೈಕೊಟ್ಟ ವರ್ಷ ಇದು ಇನ್ನಷ್ಟು ಮುಖ್ಯವಾಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದದ್ದು ನಿಮಗೆ ನೆನಪಿರಬಹುದು. ಮಲೆನಾಡಿಗೆ ಬರ ಬರುವುದಿಲ್ಲ ಎಂದುಕೊಂಡು ಕೂರುವ ಕಾಲ ಮುಗಿದಿದೆ.

ಕೆಲಸಕ್ಕಿಳಿಯುವ ಮುನ್ನ ನಮ್ಮ ನೆಲದ ರಚನೆ ತಿಳಿದಿರಬೇಕು. ಮೇಲೆ ಮಣ್ಣು, ಅದರ ಕೆಳಗೆ ತೂತುತೂತಾದ ಚಿರೇಕಲ್ಲು, ಅದರ ಕೆಳಗೆ ಹಲವೆಡೆ ಶೇಡಿ. ಶೇಡಿ ಎಂದರೆ ಬಿಳಿ ಅಥವಾ ಹಳದಿ ಛಾಯೆಯ, ಕೈಗೆ ನುಣ್ಣಗೆ ಜಾರುವ ಜಿಗಟು ಮಣ್ಣು. ಚಿರೇಕಲ್ಲಿನ ತೂತುಗಳಲ್ಲಿ ಇಳಿದ ನೀರು ಶೇಡಿಯನ್ನು ದಾಟಲಾಗದೆ ಅದರ ಮೇಲೆಯೇ ಅಡ್ಡಕ್ಕೆ ಹರಿಯುತ್ತದೆ, ಬೆಟ್ಟದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ನಿಮ್ಮ ತೋಟದ ಕೆರೆ, ತೆರೆದ ಬಾವಿ, ಅಬ್ಬಿಯ ನೀರು ಬಹುಮಟ್ಟಿಗೆ ಈ ಒರತೆಯದೇ. ಬೆಟ್ಟಕ್ಕೆ ಕುಡಿಸಿದರೆ ಬಾವಿಗೆ ಬರುತ್ತದೆ ಎನ್ನುವುದು ಇದಕ್ಕೇ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಪಿಕಾಸಿ, ಗುದ್ದಲಿ, ಅಳತೆಯ ಟೇಪು, ನೇರವಾದ ಮೂರು ಗಳ, ಹಗ್ಗ, ಒಂದು ನೋಟ್‌ಬುಕ್. ಜೊತೆಗೆ ಒಂದು ಮಳೆಗಾಲದ ತಾಳ್ಮೆ.

1. ಮಳೆಯಲ್ಲಿಯೇ ನಡೆದು ನೋಡಿ

ಜುಲೈನಲ್ಲಿ ಮಳೆ ಬಿರುಸಾಗಿರುವಾಗ ಕಂಬಳಿಯೋ ರೇನ್‌ಕೋಟೋ ಹೊದ್ದು ಬೆಟ್ಟ ಹತ್ತಿ. ನೀರು ಎಲ್ಲಿಂದ ಇಳಿಯಲು ಶುರುವಾಗುತ್ತದೆ, ಎಲ್ಲಿ ಸೇರುತ್ತದೆ, ಎಲ್ಲಿ ಕೆಂಪಾಗಿದೆ, ಎಲ್ಲಿ ತಿಳಿಯಾಗಿದೆ ಎಂದು ಗುರುತಿಸಿ. ಕೆಂಪು ನೀರು ಹರಿಯುವಲ್ಲಿ ಮಣ್ಣು ಬೋಳಾಗಿದೆ ಎಂದು ಅರ್ಥ. ಕೆಲಸ ಅಲ್ಲಿಂದಲೇ ಶುರುವಾಗಬೇಕು. ಬೇಸಿಗೆಯಲ್ಲಿ ಒಣ ಬೆಟ್ಟ ನೋಡಿ ಅಂದಾಜಿನ ಮೇಲೆ ಗುಂಡಿ ತೋಡಿಸುವುದು ಎಲ್ಲರೂ ಎಡವುವ ಮೊದಲ ಜಾಗ. ನೀರೇ ಬಾರದ ದಿಬ್ಬದಲ್ಲಿ ಗುಂಡಿಗಳು ಸಾಲಾಗಿ ಬಾಯ್ದೆರೆದುಕೊಂಡಿರುತ್ತವೆ, ನೀರು ಪಕ್ಕದಲ್ಲಿ ಹರಿದುಹೋಗುತ್ತಿರುತ್ತದೆ.

2. ಒರತೆ ಮತ್ತು ಬಾವಿಯನ್ನು ಅಳೆಯಿರಿ

ಒರತೆಯ ಬಾಯಿಗೆ ಪೈಪು ಕೊಟ್ಟು 20 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕು ಎಂದು ಬರೆದಿಡಿ. 40 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 30 ಲೀಟರ್, ದಿನಕ್ಕೆ 43,200 ಲೀಟರ್. ಬಾವಿಗೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಕಟ್ಟೆಯಿಂದ ನೀರಿನವರೆಗೆ ಎಷ್ಟು ಅಡಿ ಎಂದು ಬರೆಯಿರಿ. ತಿಂಗಳ ಒಂದನೇ ತಾರೀಖು ಬೆಳಿಗ್ಗೆ, ಪಂಪ್ ಹಾಕುವ ಮೊದಲು ಅಳೆಯಬೇಕು; ಪಂಪ್ ನಿಲ್ಲಿಸಿದ ಕೂಡಲೇ ಅಳೆದ ಅಳತೆ ಲೆಕ್ಕಕ್ಕಿಲ್ಲ.

3. ಬೆಟ್ಟದಲ್ಲಿ ಇಂಗುಗುಂಡಿ

ಇದೇ ಮುಖ್ಯ ಕೆಲಸ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಕಾನೂನು. ಸೊಪ್ಪಿನ ಬೆಟ್ಟ ಹಿಸ್ಸೆಯಲ್ಲಿ ನಿಮ್ಮ ಪಾಲಿಗೆ ಬಂದಿದ್ದರೂ ಅದು ಮಾಲ್ಕಿ ಜಮೀನಲ್ಲ, ಅಂದರೆ ನಿಮ್ಮ ಸ್ವಂತದ್ದಲ್ಲ. ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಎಂದು ಘಟ್ಟದ ಮೇಲೆ ಹಿಂದಿನಿಂದ ಬಂದಿರುವುದು ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ತರುವ ಸೌಲಭ್ಯ ಮಾತ್ರ, ನೆಲ ಅರಣ್ಯದ್ದು. ಆದ್ದರಿಂದ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ಲಿಖಿತವಾಗಿ ಕೇಳಿ, ನಿಮ್ಮ ಊರಿನ ಗ್ರಾಮ ಅರಣ್ಯ ಸಮಿತಿಯ ಮೂಲಕ ಹೋದರೆ ಇನ್ನೂ ಒಳ್ಳೆಯದು. ಜೆಸಿಬಿ ಹತ್ತಿಸುವ ಯೋಚನೆ ಬೇಡವೇ ಬೇಡ. ಅದು ಗುಂಡಿ ತೆಗೆಯುವುದಕ್ಕಿಂತ ಹೆಚ್ಚಾಗಿ ದಾರಿ ಮಾಡುತ್ತದೆ, ಮುಂದಿನ ಮಳೆಗಾಲದಲ್ಲಿ ಆ ದಾರಿಯೇ ಹಳ್ಳವಾಗುತ್ತದೆ.

ಇನ್ನು ಸಾಲು ಗುರುತಿಸುವುದು. ಗುಂಡಿಗಳ ಸಾಲು ಸಮಪಾತಳಿ ರೇಖೆಯ ಮೇಲಿರಬೇಕು. ಒಂದೇ ಎತ್ತರದಲ್ಲಿರುವ ಜಾಗಗಳನ್ನೆಲ್ಲ ಸೇರಿಸುವ ಗೆರೆಗೆ ಸಮಪಾತಳಿ ರೇಖೆ ಎನ್ನುತ್ತಾರೆ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಆರಾರು ಅಡಿಯ ಎರಡು ಗಳಗಳ ತುದಿಯನ್ನು ಸೇರಿಸಿ ಕಟ್ಟಿ, ಬುಡ ಅಗಲಿಸಿ, ನಡುವೆ ಮೂರನೆಯ ಗಳವನ್ನು ಅಡ್ಡಪಟ್ಟಿಯಾಗಿ ಬಿಗಿಯಿರಿ. ತುದಿಯಿಂದ ದಾರ ಇಳಿಬಿಟ್ಟು ಕಲ್ಲು ಕಟ್ಟಿ. ದಾರ ಅಡ್ಡಪಟ್ಟಿಯನ್ನು ದಾಟಿ ಕೆಳಗೆ ಬರಬೇಕು. ಈಗ ಚೌಕಟ್ಟನ್ನು ಅಂಗಳದಲ್ಲಿ ನಿಲ್ಲಿಸಿ, ಎರಡೂ ಕಾಲುಗಳ ಜಾಗದಲ್ಲಿ ಗುರುತು ಮಾಡಿ, ದಾರ ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಇದ್ದಿಲಿನಿಂದ ಗೆರೆ ಎಳೆಯಿರಿ. ಚೌಕಟ್ಟನ್ನು ತಿರುಗಿಸಿ, ಎಡಗಾಲಿದ್ದಲ್ಲಿ ಬಲಗಾಲು ಬರುವಂತೆ ನಿಲ್ಲಿಸಿ, ಮತ್ತೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಟ್ಟನಡುವೆ ಮೂರನೆಯ ಗೆರೆ ಹಾಕಿ. ಅದೇ ಮಟ್ಟದ ಗುರುತು. ಬೆಟ್ಟದಲ್ಲಿ ಒಂದು ಕಾಲು ಊರಿ, ದಾರ ಆ ಗುರುತಿಗೆ ಬಂದು ನಿಲ್ಲುವವರೆಗೆ ಇನ್ನೊಂದು ಕಾಲನ್ನು ಮೇಲೆ ಕೆಳಗೆ ಸರಿಸಿ, ನಿಂತಲ್ಲಿ ಗೂಟ ಹೊಡೆಯಿರಿ. ಆ ಗೂಟದಿಂದ ಮುಂದಿನದಕ್ಕೆ. ಗಾಳಿ ಇರುವಾಗ ದಾರ ಓಲಾಡುತ್ತದೆ, ಬೆಳಗಿನ ಹೊತ್ತು ಈ ಕೆಲಸಕ್ಕೆ ಒಳ್ಳೆಯದು.

ಗುಂಡಿಯ ಅಳತೆ: 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳ. ಇದು 24 ಘನ ಅಡಿ, ಸುಮಾರು 680 ಲೀಟರ್ ಹಿಡಿಯುತ್ತದೆ. ಐವತ್ತು ಗುಂಡಿಗಳಾದರೆ ಒಮ್ಮೆ ತುಂಬಿದಾಗ 34,000 ಲೀಟರ್. ನಮ್ಮ ಮಳೆಗಾಲದಲ್ಲಿ ಅದು ತುಂಬಿ ಇಂಗಿ ಮತ್ತೆ ತುಂಬುತ್ತಲೇ ಇರುತ್ತದೆ. ಲಾಭ ಇರುವುದು ಈ ಪುನರಾವರ್ತನೆಯಲ್ಲಿ, ಗುಂಡಿಯ ಗಾತ್ರದಲ್ಲಲ್ಲ. ಅದಕ್ಕೇ ಎರಡು ದೊಡ್ಡ ಹೊಂಡಕ್ಕಿಂತ ಇಪ್ಪತ್ತು ಸಣ್ಣ ಗುಂಡಿ ಮೇಲು. ಸಾಲಿನಿಂದ ಸಾಲಿಗೆ 20ರಿಂದ 25 ಅಡಿ ಬಿಡಿ. ಮೇಲಿನ ಸಾಲಿನ ಎರಡು ಗುಂಡಿಗಳ ನಡುವಿನ ಖಾಲಿ ಜಾಗದ ನೇರಕ್ಕೆ ಕೆಳಸಾಲಿನ ಗುಂಡಿ ಬರಲಿ. ತೆಗೆದ ಮಣ್ಣನ್ನು ಅಂಚಿನಿಂದ ಒಂದಡಿ ಬಿಟ್ಟು ಕೆಳಬದಿಗೆ ಏರಿಯಾಗಿ ಹಾಕಿ ಗಟ್ಟಿಯಾಗಿ ತುಳಿಯಿರಿ, ಅದರ ಮೇಲೆ ಲಾವಂಚ ನೆಡಿ. ಮಣ್ಣನ್ನು ಮೇಲ್ಬದಿಗೆ ಹಾಕಿದರೆ ಮೊದಲ ಮಳೆಗೇ ಗುಂಡಿ ಮುಚ್ಚಿಹೋಗುತ್ತದೆ. ಮರದ ಬೇರು ಸಿಕ್ಕಿದರೆ ಕಡಿಯಬೇಡಿ, ಗುಂಡಿಯನ್ನೇ ಪಕ್ಕಕ್ಕೆ ಸರಿಸಿ.

ಎಲ್ಲಿ ಅಗೆಯಬಾರದು ಎಂಬುದನ್ನು ದಯವಿಟ್ಟು ಎರಡು ಸಲ ಓದಿ. ನಮ್ಮ ಜಿಲ್ಲೆಯ ಗುಡ್ಡಗಳು ನೀರು ಕುಡಿದು ಕುಸಿಯುವುದನ್ನು ನಾವು ಕಂಡಿದ್ದೇವೆ: 2009ರಲ್ಲಿ ಕಾರವಾರದ ಕಡವಾಡದಲ್ಲಿ, 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ. ಆದ್ದರಿಂದ ಮನೆ, ಕೊಟ್ಟಿಗೆ, ರಸ್ತೆಯ ಮೇಲ್ಬದಿಯ ಇಳಿಜಾರಿನಲ್ಲಿ ಇಂಗುಗುಂಡಿ ಬೇಡ. ಮನೆ ಕಟ್ಟಲೋ ರಸ್ತೆ ಮಾಡಲೋ ಕಡಿದ ಧರೆಯ ನೆತ್ತಿಯ ಮೇಲೆ ಬೇಡ. ನೆಲದಲ್ಲಿ ಉದ್ದ ಬಿರುಕು ಕಂಡರೆ, ಮರಗಳು ಕೆಳಕ್ಕೆ ವಾಲಿದ್ದರೆ, ಹಿಂದೆಂದೂ ಇಲ್ಲದ ಕಡೆ ಕೆಸರು ನೀರು ಒಸರುತ್ತಿದ್ದರೆ ಆ ಬೆಟ್ಟವನ್ನು ಮುಟ್ಟಬೇಡಿ. 100 ಅಡಿ ನಡೆಯುವಷ್ಟರಲ್ಲಿ 30 ಅಡಿಗಿಂತ ಹೆಚ್ಚು ಏರುವ ಜಾಗವೂ ಬೇಡ. ಅಗೆಯುವಾಗ ಶೇಡಿ ಕಂಡರೆ ಅಲ್ಲಿಗೇ ನಿಲ್ಲಿಸಿ ಮಣ್ಣು ಮುಚ್ಚಿಬಿಡಿ. ಇಂಥ ಕಡೆ ಗಿಡಮರ ಬೆಳೆಸಿ, ನೀರು ಸರಾಗವಾಗಿ ಇಳಿದುಹೋಗಲು ದಾರಿ ಮಾಡಿಕೊಡಿ. ನೀರಿಗಿಂತ ಜೀವ ದೊಡ್ಡದು.

4. ಹಳೆಯ ಅಗಳವನ್ನು ಉಪಯೋಗಿಸಿ

ಬೆಟ್ಟದ ಗಡಿಗೆ ಹಿರಿಯರು ತೋಡಿದ ಅಗಳ, ಅಂದರೆ ದನ ನುಗ್ಗದಂತೆ ತೆಗೆದ ಕಂದಕ, ಹಲವರ ಬಳಿ ಇದೆ. ಇಳಿಜಾರಿನ ಗುಂಟ ಇಳಿಯುವ ಅಗಳ ನೀರನ್ನು ಸರ್ರನೆ ಕೆಳಗೆ ಸಾಗಿಸುತ್ತದೆ. ಅದರೊಳಗೆ ಹತ್ತು ಹದಿನೈದು ಅಡಿಗೊಂದರಂತೆ ಕಾಡುಕಲ್ಲಿನ ಅಡ್ಡಕಟ್ಟೆ ಹಾಕಿ, ಅಗಳದ ಅರ್ಧ ಎತ್ತರಕ್ಕೆ ಸಾಕು. ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಹೂಳು ನಿಲ್ಲುತ್ತದೆ. ಹೊಸದಾಗಿ ಅಗೆಯುವ ಖರ್ಚೂ ಇಲ್ಲ. ಅಗಳ ಇರುವವರು ಮೊದಲ ವರ್ಷ ಇದೊಂದನ್ನೇ ಮಾಡಿದರೂ ಆಗುತ್ತದೆ.

5. ದರಕನ್ನು ಪೂರ್ತಿ ಗುಡಿಸಬೇಡಿ

ಒಣಗಿ ಬಿದ್ದ ಎಲೆಯ ಹೊದಿಕೆಯೇ ಬೆಟ್ಟದ ದರಕು. ಕೊಟ್ಟಿಗೆಗೆ, ಗೊಬ್ಬರಕ್ಕೆ, ತೋಟಕ್ಕೆ ಅದು ಬೇಕು, ನಿಜ. ಆದರೆ ನೆಲ ಕಾಣುವಂತೆ ಗುಡಿಸಿದ ಬೆಟ್ಟದ ಮೇಲೆ ಮಳೆಹನಿ ನೇರವಾಗಿ ಬಡಿಯುತ್ತದೆ, ಮಣ್ಣಿನ ರಂಧ್ರ ಮುಚ್ಚುತ್ತದೆ, ನೀರು ಒಳಗಿಳಿಯದೆ ಜಾರುತ್ತದೆ. ಬೆಟ್ಟವನ್ನು ಮೂರು ಭಾಗ ಮಾಡಿಕೊಂಡು ವರ್ಷಕ್ಕೊಂದು ಭಾಗಕ್ಕೆ ವಿರಾಮ ಕೊಡಿ. ಒರತೆಯ ನೇರ ಮೇಲಿರುವ ಜಾಗದ ದರಕನ್ನು ಯಾವ ವರ್ಷವೂ ಮುಟ್ಟಬೇಡಿ. ಬೇಸಿಗೆಯ ಬೆಂಕಿಯಿಂದ ಕಾಯುವುದಂತೂ ಎಲ್ಲಕ್ಕಿಂತ ಮೊದಲು. ಒಂದು ಮಧ್ಯಾಹ್ನದ ಬೆಂಕಿ ಹತ್ತು ವರ್ಷದ ಹೊದಿಕೆಯನ್ನು ತಿನ್ನುತ್ತದೆ.

6. ಹಳ್ಳಕ್ಕೆ ಕಟ್ಟ

ಕಟ್ಟ ಎಂದರೆ ಮಳೆಗಾಲ ಮುಗಿದ ಮೇಲೆ ಹಳ್ಳಕ್ಕೆ ಅಡ್ಡವಾಗಿ ಹಾಕುವ ತಾತ್ಕಾಲಿಕ ಒಡ್ಡು. ಕೆಳಗಿನ ತೋಟದವರನ್ನು ಕೂರಿಸಿಕೊಂಡು ಮಾತಾಡಿ ಕಟ್ಟ ಹಾಕಿ. ಹೇಳದೆ ಹಾಕಿದ ಕಟ್ಟ ನೀರಿಗಿಂತ ಮೊದಲು ಜಗಳವನ್ನು ತುಂಬಿಸಿಕೊಳ್ಳುತ್ತದೆ. ಅವರೂ ತಮ್ಮ ಮೇರೆಯಲ್ಲಿ ಒಂದೊಂದು ಹಾಕಿದರೆ ಹಳ್ಳದುದ್ದಕ್ಕೂ ನೀರು ನಿಲ್ಲುತ್ತದೆ.

ಸಮಯ: ನವೆಂಬರ್ ಕೊನೆ ಅಥವಾ ಡಿಸೆಂಬರ್. ಹಳ್ಳ ಸಣ್ಣಗಾಗಿರಬೇಕು, ಆದರೆ ಹರಿವು ಇರಬೇಕು. ಜನವರಿ ಕೊನೆಗೆ ನೆನಪಾಗಿ ಕಟ್ಟಿದರೆ ಹಿಡಿಯಲು ನೀರೇ ಇರುವುದಿಲ್ಲ.

ಜಾಗ: ಎರಡೂ ದಂಡೆ ಗಟ್ಟಿಯಾಗಿರುವ ಕಿರಿದಾದ ಕಡೆ, ಹಿಂಭಾಗ ಸಮತಟ್ಟಾಗಿರಬೇಕು. ಕೆಳಗಿನ ಎಲೆ, ಸಡಿಲ ಮರಳನ್ನು ಗಟ್ಟಿ ತಳ ಸಿಗುವವರೆಗೆ ತೆಗೆಯಿರಿ. ಖಾಲಿ ಸಿಮೆಂಟ್ ಚೀಲಗಳಿಗೆ ಮುಕ್ಕಾಲು ಭಾಗ ಮರಳು ಮಿಶ್ರಿತ ಮಣ್ಣು ತುಂಬಿ ಹೊಲಿಯಿರಿ. ಪೂರ್ತಿ ತುಂಬಿದ ಚೀಲ ಒಂದರ ಮೇಲೊಂದು ಕೂರುವುದಿಲ್ಲ. ಎರಡು ಅಡಿ ಅಂತರದಲ್ಲಿ ಎರಡು ಸಾಲು ಚೀಲ ಜೋಡಿಸಿ, ಕೆಳಗಿನ ಎರಡು ಚೀಲಗಳ ಸಂದಿಯ ಮೇಲೆ ಮೇಲಿನ ಚೀಲ ಬರುವಂತೆ ನೋಡಿಕೊಳ್ಳಿ. ನಡುವಿನ ಜಾಗಕ್ಕೆ ಜಿಗಟು ಮಣ್ಣು ಹಾಕುತ್ತ ಹಾಕುತ್ತ ಕಾಲಿನಿಂದ ತುಳಿಯಿರಿ. ಎತ್ತರ ಮೂರು ನಾಲ್ಕು ಅಡಿ ಮೀರುವುದು ಬೇಡ. ನಡುವೆ ಒಂದು ಚೀಲದಷ್ಟು ತಗ್ಗು ಬಿಟ್ಟು, ಅಲ್ಲಿಂದ ಧುಮುಕುವ ನೀರು ಬೀಳುವಲ್ಲಿ ಕಲ್ಲು ಹಾಸಿ. ಹಾಸದಿದ್ದರೆ ಬುಡ ಕೊರೆದು ಕಟ್ಟ ಕುಳಿತುಬಿಡುತ್ತದೆ.

ಕಟ್ಟಿದ ಮರುದಿನ ನೀರು ಸೋರುತ್ತಿದ್ದರೆ ಕಟ್ಟವನ್ನು ಬಯ್ಯುವ ಮೊದಲು ದಂಡೆ ನೋಡಿ. ಬಹಳ ಸಲ ಅದು ಏಡಿ ಬಿಲ. ಬಿಲದ ಬಾಯಿಗೆ ಮಣ್ಣು ಮೆತ್ತಿದರೆ ನಿಲ್ಲುವುದಿಲ್ಲ. ಒಳಗಿನವರೆಗೆ ಅಗೆದು, ಜಿಗಟು ಮಣ್ಣನ್ನು ಉಂಡೆ ಮಾಡಿ ಕೋಲಿನಿಂದ ಜಡಿದು ತುಂಬಬೇಕು. ಹಳ್ಳವನ್ನು ಪೂರ್ತಿ ಒಣಗಿಸಿ ನೀರು ಹಿಡಿಯಬೇಡಿ. ಕೆಳಗೆ ಮೀನು, ಕಪ್ಪೆ, ದನಕರು, ಜನ ಎಲ್ಲರೂ ಇದ್ದಾರೆ. ಸಣ್ಣ ಹರಿವು ಸದಾ ಇರಲಿ.

ಮೇ ಕೊನೆಗೆ ಮುಂಗಾರಿನ ಮೊದಲು ಚೀಲಗಳನ್ನು ತೆಗೆದು ದಡಕ್ಕೆ ಹಾಕಿ, ಮಣ್ಣು ಸುರಿದು, ಚೀಲಗಳನ್ನು ಮನೆಗೆ ತನ್ನಿ. ಪ್ರವಾಹ ಕೊಚ್ಚಿಕೊಂಡು ಹೋಗಲಿ ಎಂದು ಬಿಟ್ಟರೆ ಆ ಪ್ಲಾಸ್ಟಿಕ್ ಚಿಂದಿಯೆಲ್ಲ ನದಿಯ ಬಾಯಿಯ ಗಜನಿ ಗದ್ದೆಗಳಲ್ಲಿ ಹೋಗಿ ಕೂರುತ್ತದೆ. ಸಮುದ್ರದ ಉಬ್ಬರವಿಳಿತಕ್ಕೆ ಸಿಕ್ಕುವ ಆ ಉಪ್ಪುನೀರಿನ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವ ರೈತರಿಗೆ ಘಟ್ಟದ ಮೇಲಿನ ನಾವು ಕಸ ಕಳಿಸಬಾರದು.

7. ತೋಟದೊಳಗೆ ನೀರು ಇಂಗಿಸಬೇಡಿ

ಉತ್ಸಾಹದಲ್ಲಿ ಹಲವರು ಇಲ್ಲಿ ತಪ್ಪುತ್ತಾರೆ. ಮಳೆಗಾಲದಲ್ಲಿ ಅಡಿಕೆ ಮರದ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ತೋಟದ ತೇವ ಹೆಚ್ಚಿದಷ್ಟೂ ಕೊಳೆರೋಗಕ್ಕೆ ಅನುಕೂಲ. ಜೂನ್‌ಗೆ ಮೊದಲು ಕಾದಿಗೆ, ಅಂದರೆ ಸಾಲುಗಳ ನಡುವಿನ ಬಸಿಗಾಲುವೆ, ಹೂಳು ತೆಗೆದು ಸಿದ್ಧವಿರಬೇಕು. ಅಕ್ಟೋಬರ್‌ನಲ್ಲಿ ಮಳೆ ಹಿಂದೆಗೆದ ಮೇಲೆ ಅದೇ ಕಾದಿಗೆಗೆ ಅಲ್ಲಲ್ಲಿ ಮಣ್ಣಿನ ತಡೆ ಹಾಕಿ ತೇವ ಹಿಡಿಯಬಹುದು.

ಬೇಸಿಗೆಯಲ್ಲಿ ಹನಿ ನೀರಾವರಿಯಾದರೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಕಾಲುವೆಯಲ್ಲೋ ಪೈಪಿನಲ್ಲೋ ಹಾಯಿಸುವವರಿಗೆ ಮರಕ್ಕೆ ಒಂದು ಸಲಕ್ಕೆ 175 ಲೀಟರ್ ಎಂಬುದು ಶಿಫಾರಸು; ನವೆಂಬರ್–ಡಿಸೆಂಬರ್‌ನಲ್ಲಿ ವಾರಕ್ಕೊಮ್ಮೆ, ಜನವರಿ–ಫೆಬ್ರುವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚ್‌ನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ. ಬುಡಕ್ಕೆ ಸೋಗೆ, ಹಾಳೆ, ದರಕು ಮುಚ್ಚದೆ ನೀರು ಕೊಡುವುದು ಅರ್ಧ ನೀರನ್ನು ಬಿಸಿಲಿಗೆ ಕೊಟ್ಟಂತೆ.

8. ಕರಾವಳಿಯ ಬಾವಿಗೆ ಬೇರೆ ಕ್ರಮ

ಸಮುದ್ರದ ಹತ್ತಿರ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರ ಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ನಿಂತಿದ್ದರೆ ಆ ಮಟ್ಟದ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರಬಹುದು ಎಂಬುದು ಭೂಜಲ ಶಾಸ್ತ್ರದ ಸ್ಥೂಲ ಲೆಕ್ಕ. ಮೇಲೆ ಒಂದಡಿ ಎಳೆದರೆ ಕೆಳಗಿನಿಂದ ಉಪ್ಪು ಎಷ್ಟು ಏರಬಹುದು ಎಂದು ಇದರಿಂದ ಊಹಿಸಿ. ಹಾಗಾಗಿ ಬಾವಿ ಉಪ್ಪಾಗತೊಡಗಿದಾಗ ಇನ್ನಷ್ಟು ಆಳ ತೋಡಿಸುವುದು, ಪಕ್ಕದಲ್ಲಿ ಬೋರ್ ಕೊರೆಸುವುದು ತೊಂದರೆಯನ್ನು ಹೆಚ್ಚಿಸುತ್ತದೆ. ಸಣ್ಣ ಪಂಪ್ ಹಾಕಿ, ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಎರಡು ಮೂರು ಸಲ ಎತ್ತಿ.

ಚಾವಣಿ ನೀರನ್ನು ಬಾವಿಗೆ ಬಿಡಿ ಎಂಬ ಸಲಹೆಯನ್ನು ನೀವು ಎಲ್ಲೆಡೆ ಕೇಳಿರುತ್ತೀರಿ. ಬಯಲುಸೀಮೆಯಲ್ಲಿ ಅದು ಸರಿ. ನಮ್ಮಲ್ಲಿ ಜುಲೈಗೆ ಬಾವಿಯೇ ತುಂಬಿ ಕಟ್ಟೆಯ ಹತ್ತಿರ ಬಂದಿರುತ್ತದೆ, ಆಗ ಸುರಿದದ್ದು ಹಾಗೆಯೇ ಹೊರಹೋಗುತ್ತದೆ. ಉಪಯೋಗವಾಗುವುದು ಅಕ್ಟೋಬರ್–ನವೆಂಬರ್‌ನ ಹಿಂಗಾರು ಮತ್ತು ಏಪ್ರಿಲ್–ಮೇ ತಿಂಗಳ ಅಡ್ಡಮಳೆ. 100 ಚದರ ಮೀಟರ್ ಚಾವಣಿಯ ಮೇಲೆ ಅಂಥ ಒಂದು 50 ಮಿ.ಮೀ. ಮಳೆ ಬಿದ್ದರೆ 5,000 ಲೀಟರ್. ಸೋರಿ ಹೋದದ್ದು ಕಳೆದು 4,000 ಲೀಟರ್ ಕೈಗೆ ಸಿಗುತ್ತದೆ. ಮೊದಲ ಹತ್ತು ನಿಮಿಷದ ನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಜಲ್ಲಿ, ಇದ್ದಿಲು, ಮರಳು ಪದರಪದರವಾಗಿ ತುಂಬಿದ ಡ್ರಮ್ಮಿನ ಮೂಲಕ ಸೋಸಿ. ಹಿಂಗಾರಿನ ನೀರನ್ನು ಮುಚ್ಚಿದ ಟ್ಯಾಂಕಿನಲ್ಲಿ ಕುಡಿಯಲು ಹಿಡಿದಿಡಿ, ಕುದಿಸಿ ಕುಡಿಯಿರಿ. ಅಡ್ಡಮಳೆಯದನ್ನು ಬಾವಿಗೆ ಬಿಡಿ. ಅಂಗಳದ, ಕೊಟ್ಟಿಗೆಯ ನೀರು ಯಾವ ಕಾರಣಕ್ಕೂ ಬಾವಿಗೆ ಹೋಗಬಾರದು.

9. ಫಲಿತಾಂಶವನ್ನು ಓದುವುದು

ಮೊದಲ ಬೇಸಿಗೆಯಲ್ಲೇ ಬಾವಿ ತುಂಬಿ ತುಳುಕುತ್ತದೆ ಎಂದು ನಿರೀಕ್ಷಿಸಬೇಡಿ. ನೋಟ್‌ಬುಕ್ ತೆಗೆದು, ಈ ವರ್ಷದ ಮಾರ್ಚ್ ಒಂದರ ಅಳತೆಯನ್ನು ಕಳೆದ ವರ್ಷದ ಮಾರ್ಚ್ ಒಂದರ ಜೊತೆಗೇ ಹೋಲಿಸಿ, ಪಕ್ಕದಲ್ಲಿ ಆಯಾ ವರ್ಷದ ಮಳೆಯನ್ನೂ ಬರೆಯಿರಿ. ಮಳೆ ಕಡಿಮೆಯಾದ ವರ್ಷವೂ ನೀರಿನ ಮಟ್ಟ ಹಿಂದಿನಷ್ಟೇ ಇದ್ದರೆ ಬೆಟ್ಟ ಕೆಲಸ ಮಾಡುತ್ತಿದೆ. ಮಳೆ ಚೆನ್ನಾಗಿದ್ದೂ ಮಟ್ಟ ಇಳಿದಿದ್ದರೆ ಎರಡು ಕಡೆ ನೋಡಿ: ಗುಂಡಿಗಳಲ್ಲಿ ಹೂಳು ತುಂಬಿದೆಯೇ, ಅಕ್ಕಪಕ್ಕದಲ್ಲಿ ಹೊಸ ಬೋರ್ ಬಂದಿದೆಯೇ. ಹೂಳನ್ನು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ತೆಗೆದು ಏರಿಯ ಮೇಲೆ ಹಾಕಿದರೆ ಸಾಕು. ಬೋರಿನ ವಿಷಯವಾದರೆ ನೆರೆಯವರಿಗೆ ನಿಮ್ಮ ನೋಟ್‌ಬುಕ್ಕನ್ನೇ ತೋರಿಸಿ, ಮುಂದಿನ ಮಳೆಗಾಲದ ಮೊದಲು ಅವರ ಬೆಟ್ಟಕ್ಕೂ ಒಟ್ಟಿಗೆ ಹತ್ತಿ.